ಅರ್ಧ ತುಂಬಿದ ಡ್ರಮ್ಮುಗಳು

ಬಾಲ್ಕನಿಯಲ್ಲಿಟ್ಟಿದ್ದ ಡ್ರಮ್ಮುಗಳನ್ನು ನಾನು ಪೂರ್ತಿ ತುಂಬಲಿಲ್ಲ. ತುಂಬಿದ್ದೀಯಾ ಎಂದು ತಮ್ಮ ಕೇಳಿದಾಗ ತುಂಬಿದ್ದೇನೆ ಅಂದೆ. ನಾನು ಮಾಡಿದ್ದು ಇಷ್ಟೇ. ಒಬ್ಬ ಮನುಷ್ಯನಿಗೆ ತನ್ನ ವಿದ್ಯೆಯ ಮೇಲಿದ್ದ ನಂಬಿಕೆ ಹೋಗುವುದಕ್ಕೆ ಇಷ್ಟು ಸಾಕಾಯಿತು.

ತಮ್ಮ ನೋಯ್ಡಾದ ಒಂದು ಕಂಪನಿಯಲ್ಲಿ ಹಡಗುಗಳ ಲೆಕ್ಕ ಮಾಡುತ್ತಾನೆ. ಎಷ್ಟು ಸರಕು ಹೇರಿದರೆ, ಎಂಥ ಅಲೆ ಬಂದರೆ ಹಡಗಿನ ಮೈ ಎಲ್ಲಿ ಬಾಗುತ್ತದೆ, ಎಲ್ಲಿ ಬಿರುಕು ಬಿಡಬಹುದು ಎಂದು ಮೊದಲೇ ಹೇಳುವ ಕೆಲಸ. ಸಮುದ್ರವೇ ಇಲ್ಲದ ಊರಲ್ಲಿ ಹಡಗಿನ ಲೆಕ್ಕವೇನೋ ಎಂದು ನನ್ನ ಗಂಡ ನಗುತ್ತಿದ್ದರು. "ಹಡಗು ಅಂದ್ರೆ ಒಂದು ದೊಡ್ಡ ತೊಲೆ ಅಷ್ಟೇ ಭಾವ," ಎನ್ನುತ್ತಿದ್ದ ಅವನು. "ಅಲೆ ಮಧ್ಯಕ್ಕೆ ಬಂದ್ರೆ ಎರಡು ತುದೀನೂ ಜೋತು ಬೀಳತ್ತೆ, ತುದಿಗಳಿಗೆ ಬಂದ್ರೆ ಹೊಟ್ಟೆ ಜೋತು ಬೀಳತ್ತೆ." ನಾನು ಓದಿದ್ದು ಒಂಬತ್ತನೇ ಕ್ಲಾಸು. ಅಮ್ಮ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟೆ, ಅವನು ಓದಿದ. ಅದನ್ನು ಮರೆಯಲು ನಾನು ಅವನನ್ನು ಯಾವತ್ತೂ ಬಿಟ್ಟಿಲ್ಲ.

ನಮ್ಮದು ದೆಹಲಿಯ ವಸಂತ್ ಕುಂಜ್‌ನಲ್ಲಿ ಸರ್ಕಾರ ಕಟ್ಟಿಸಿ ಮಾರಿದ ಹಳೆಯ ಫ್ಲಾಟು, ಎರಡನೇ ಮಹಡಿ. ಇಲ್ಲಿ ಬಾಲ್ಕನಿಯನ್ನು ಬಾಲ್ಕನಿಯಾಗಿ ಇಟ್ಟುಕೊಂಡವರು ಕಡಿಮೆ. ಅಂಚಿಗೆ ಇಟ್ಟಿಗೆ ಗೋಡೆ ಎಬ್ಬಿಸಿ, ಕಿಟಕಿ ಕೂರಿಸಿ, ಒಂದು ಕೋಣೆ ಮಾಡಿಕೊಳ್ಳುತ್ತಾರೆ. ಮಗಳು ಹತ್ತನೇ ಕ್ಲಾಸಿಗೆ ಬಂದಾಗ ಅವಳಿಗೆ ಓದಲು ಅಂಥದೊಂದು ಕೋಣೆ ಬೇಕೆಂದು ಹಟ ಹಿಡಿದೆ. ತಮ್ಮ ಬಂದು ಟೇಪು ಹಿಡಿದು ಅಳೆದ, ಅಲ್ಲಲ್ಲಿ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟ, ಒಂದು ಭಾನುವಾರವೆಲ್ಲ ಕಾಗದದ ಮೇಲೆ ಗೀಚಿದ. ಆಮೇಲೆ ಬೇಡ ಅಂದ.

"ಮಾಮೂಲಿ ತೊಲೆಗೆ ಎರಡು ಕಡೆ ಆಸರೆ ಇರತ್ತೆ ಅಕ್ಕ. ಈ ಬಾಲ್ಕನಿ ಒಂದೇ ಕಡೆ ಹಿಡ್ಕೊಂಡು ಗಾಳೀಲಿ ನಿಂತಿದೆ. ಅಂಚಿಗೆ ಗೋಡೆ ಕಟ್ಟಿದ್ರೆ ಇವತ್ತೇ ಬೀಳಲ್ಲ. ಬರ್ತಾ ಬರ್ತಾ ಬಾಗತ್ತೆ."

"ಎದುರು ಬ್ಲಾಕಿನವರದ್ದು ಬಾಗಿಲ್ವಲ್ಲ? ಅವರ ಮನೇಲಿ ಇಂಜಿನಿಯರ್ ಇಲ್ಲ ನೋಡು, ಅದಕ್ಕೇ ಇರಬೇಕು."

ಅವನು ನಕ್ಕುಬಿಟ್ಟ. ನಾನು ಬಿಡಲಿಲ್ಲ. ಅವನ ಓದಿಗಾಗಿ ನಾನು ಬಿಟ್ಟಿದ್ದೆಲ್ಲವನ್ನೂ ಮತ್ತೆ ಎತ್ತಿ ಆಡಿದೆ. ಸಾಕಾಗಿ ಅವನೇ ಒಂದು ದಾರಿ ಹೇಳಿದ: ನನ್ನ ಲೆಕ್ಕ ನಂಬಬೇಡ, ಭಾರ ಹೇರಿ ಅಳೆದೇ ನೋಡೋಣ.

ಗೋಡೆ ಬರುವ ಅಂಚಿನುದ್ದಕ್ಕೂ ನೀಲಿ ಡ್ರಮ್ಮುಗಳನ್ನು ಸಾಲಾಗಿ ಇಟ್ಟ. ಎಲ್ಲವೂ ತುಂಬಿದರೆ ನೀರಿನ ಭಾರ ಗೋಡೆಯ ಭಾರಕ್ಕೆ ಸಮ. ಕೆಳಗಿನ ಮನೆಯ ಆಂಟಿಯ ಬಾಲ್ಕನಿಯಲ್ಲಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ಗಡಿಯಾರದಂಥ ಒಂದು ಗೇಜಿನ ಮೂತಿಯನ್ನು ನಮ್ಮ ಬಾಲ್ಕನಿಯ ತಳಕ್ಕೆ ತಾಗಿಸಿದ. ತಳ ಕೂದಲೆಳೆಯಷ್ಟು ಇಳಿದರೂ ಅದರ ಮುಳ್ಳು ತಿರುಗುತ್ತದೆ. "ಬೇಟಾ, ಹಾಗೇ ನನ್ನ ಬಿ.ಪಿ.ನೂ ನೋಡಿಬಿಡು," ಎಂದು ಆಂಟಿ ತೋಳು ಚಾಚಿದರು.

"ನಲ್ಲೀಲಿ ನೀರು ಬಂದ ತಕ್ಷಣ ಬಾಯಿಮಟ್ಟ ತುಂಬು ಅಕ್ಕ. ಸಂಜೆ ನಾನು ಬಂದು ಓದೋವರೆಗೆ ಯಾರೂ ಮುಟ್ಟಬಾರದು," ಎಂದು ಹೇಳಿ ಅವನು ಆಫೀಸಿಗೆ ಹೊರಟ.

ಮೇ ತಿಂಗಳು. ನೀರು ಬಂತು, ಡ್ರಮ್ಮುಗಳು ಅರ್ಧ ತುಂಬುವಷ್ಟರಲ್ಲಿ ನಿಂತೂಹೋಯಿತು. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಲ್ಲಿ ಒಂದು ಲೋಟ ನೀರಿಲ್ಲ. ಅಷ್ಟು ನೀರನ್ನು ಸುಮ್ಮನೆ ನೋಡುತ್ತ ಕೂರುವುದು ದೆಹಲಿಯ ಯಾವ ಹೆಂಗಸಿನಿಂದಲೂ ಆಗದು. ಪಾತ್ರೆಗೆಂದು ಒಂದು ಬಕೆಟ್ ತೆಗೆದೆ, ಬಟ್ಟೆಗೆಂದು ಇನ್ನೊಂದು. ಮೇಲೆ ಮುಚ್ಚಳ ಮುಚ್ಚಿದೆ. ಇಲ್ಲಿಯವರೆಗೆ ನಡೆದದ್ದಕ್ಕೆ ನನ್ನನ್ನು ನಾನು ಬೈದುಕೊಳ್ಳುವುದಿಲ್ಲ.

ಸಂಜೆ ಅವನು ಬಾಗಿಲಲ್ಲೇ ಕೇಳಿದ. ನೀರು ನಿಂತುಹೋಯ್ತು ಕಣೋ ಎಂದಿದ್ದರೆ ಮುಗಿಯುತ್ತಿತ್ತು. ನಾಳೆ ಮಾಡೋಣ ಅನ್ನುತ್ತಿದ್ದ. ಆದರೆ ಭಾರ ಕಡಿಮೆಯಾದರೆ ಮುಳ್ಳು ಕಡಿಮೆ ತಿರುಗುತ್ತದೆ ಎಂದು ತಿಳಿಯುವುದಕ್ಕೆ ಒಂಬತ್ತನೇ ಕ್ಲಾಸು ಸಾಕು. "ಹೂಂ, ತುಂಬಿದೀನಿ," ಅಂದೆ. ಅವನು ಮುಚ್ಚಳ ತೆಗೆದು ನೋಡಲಿಲ್ಲ. ಅಕ್ಕನ ಮಾತನ್ನು ಯಾಕೆ ತೆಗೆದು ನೋಡುತ್ತಾನೆ?

ಕೆಳಗೆ ಹೋಗಿ ಗೇಜು ಓದಿ, ಮೆಟ್ಟಿಲು ಹಾರಿಕೊಂಡು ಬಂದ. "ನಾನು ಅಂದುಕೊಂಡಿದ್ದರ ಅರ್ಧಾನೂ ಇಳಿದಿಲ್ಲ ಅಕ್ಕ! ಕಾಂಕ್ರೀಟಿನ ಒಳಗಿನ ಕಬ್ಬಿಣ ನನ್ನ ಅಂದಾಜಿಗಿಂತ ಚೆನ್ನಾಗಿದೆ. ಕಟ್ಟಿಸು." ತನ್ನ ಲೆಕ್ಕ ಸುಳ್ಳಾಯಿತೆಂದು ಅವನಿಗೆ ಖುಷಿ, ನನಗೆ ಕೋಣೆ ಸಿಕ್ಕಿತಲ್ಲ ಎಂದು. ಕೇಸರಿಬಾತು ಮಾಡಿ ಬಡಿಸಿದೆ.

ಕೋಣೆ ಎದ್ದಿತು. ಮಗಳು ನಾಲ್ಕು ದಿನ ಕೂತು, "ಮಮ್ಮಾ, ವಹಾಂ ಬಹುತ್ ಗರ್ಮಿ ಹೈ, ಆ ಸೆಕೇಲಿ ಕೂರೋಕೆ ನನಗೆ ಆಗಲ್ಲ," ಎಂದು ಪುಸ್ತಕ ಎತ್ತಿಕೊಂಡು ಹಾಲಿಗೆ ಬಂದಳು. ಅಲ್ಲಿ ಸೂಟ್‌ಕೇಸುಗಳನ್ನು ಜೋಡಿಸಿದೆವು.

ಎರಡನೇ ಮಳೆಗಾಲಕ್ಕೆ ಆ ನೆಲ ಹೊರಗಡೆಗೆ ವಾಲಿತು. ತಳದ ಗಾರೆ ದೊಡ್ಡ ಚಕ್ಕೆಯಾಗಿ ಕಿತ್ತುಬಂದು, ಕೆಳಗೆ ಬಟ್ಟೆ ಹರವುತ್ತಿದ್ದ ಆಂಟಿಯ ಕೈಮೇಲೆ ಬಿತ್ತು. ಮಣಿಕಟ್ಟಿನ ಮೂಳೆ ಮುರಿಯಿತು. ಬ್ಲಾಕಿನವರೆಲ್ಲ ಸೇರಿದರು. "ಇವರೇನಾ ಜಹಾಜ್‌ವಾಲೇ ಇಂಜಿನಿಯರ್ ಸಾಹಬ್? ಇವರ ಹಡಗು ಮಾತ್ರ ಹತ್ತಬೇಡಿ ಭಾಯಿ!" ಎಂದು ಒಬ್ಬರು ಅಂದರು, ಉಳಿದವರು ನಕ್ಕರು. ತಮ್ಮ ತಲೆ ತಗ್ಗಿಸಿ ನಿಂತಿದ್ದ. ನಾನು ಅವನ ಪಕ್ಕದಲ್ಲೇ ಇದ್ದೆ.

ಗೋಡೆ ಒಡೆಸಿದೆವು. ಕೆಳಗೆ ಕಬ್ಬಿಣದ ಕಂಬ ಕೊಟ್ಟು ನಿಲ್ಲಿಸಿದೆವು. ಮುರಿದದ್ದು ಅದಲ್ಲ. ಗೇಜನ್ನು ತಾನು ತಪ್ಪು ಓದಿದೆ ಎಂದು ತಮ್ಮ ನಂಬಿಬಿಟ್ಟ. ಕಂಪನಿಯವರು ರಿಪೇರಿಗೆ ಬಂದ ಹಡಗೊಂದರ ಮೇಲೆ ಅಳತೆಗೆ ಹೋಗು ಎಂದರೆ ಒಲ್ಲೆನೆಂದ. "ಒಂದು ಬಾಲ್ಕನಿ ಓದೋಕೆ ಬರಲಿಲ್ಲ. ಹಡಗಿನ ಮೇಲೆ ಜನ ಇರ್ತಾರೆ ಅಕ್ಕ," ಅಂದ. ಕೆಲಸವನ್ನೇ ಬಿಡುತ್ತೇನೆ, ಈ ತಿಂಗಳು ಹೇಳಿಬಿಡುತ್ತೇನೆ ಎಂದ. ಅವನನ್ನು ತಡೆಯುವ ಮಾತು ನನ್ನ ಬಾಯಲ್ಲಿತ್ತು. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಮುಂದಿನ ಭಾನುವಾರ ಅವನು ಆಂಟಿಯನ್ನು ನೋಡಲು ಹೊರಟಾಗ ನಾನೂ ಹೋದೆ. ಆಂಟಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದರು. ಅವನು ಕೂರಲಿಲ್ಲ. "ಮಾಫ್ ಕರ್ ದೀಜಿಯೇ ಆಂಟಿ. ನನ್ನ ತಪ್ಪಿಂದ ಆಯ್ತು," ಅಂದ.

"ಚಲೋ, ಆಗಿದ್ದು ಆಯ್ತು ಬೇಟಾ. ಆದರೆ ಇನ್ನು ಯಾರ ಮನೆಯನ್ನೂ ಅಳೆಯಬೇಡ."

"ಇಲ್ಲ ಆಂಟಿ. ಆ ಕೆಲಸಾನೇ ಬಿಡ್ತಿದೀನಿ."

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇನ್ನೂ ಸ್ವಲ್ಪ ದಿನ ತಡೆದುಕೊಳ್ಳುತ್ತಿದ್ದೆನೋ ಏನೋ.

"ಅವನದಲ್ಲ ತಪ್ಪು ಆಂಟಿ," ಎಂದು ನನ್ನ ಹರಕು ಹಿಂದಿಯಲ್ಲಿ ಶುರು ಮಾಡಿದೆ. "ಅವತ್ತು ಅಳೆದಾಗ ಡ್ರಮ್ಮಲ್ಲಿ ನೀರು ಪೂರ್ತಿ ಇರಲಿಲ್ಲ. ನನಗೆ ಗೊತ್ತಿತ್ತು."

ತಮ್ಮ ನನ್ನ ಕಡೆ ತಿರುಗಿದ. "ಎಷ್ಟಿತ್ತು?"

"ಅರ್ಧ. ಅರ್ಧಕ್ಕಿಂತ ಕಡಿಮೆ."

ಅವನ ತುಟಿಗಳು ಅಲ್ಲಾಡಿದವು. ಲೆಕ್ಕ ಹಾಕುತ್ತಿದ್ದ. ಲೆಕ್ಕ ಸರಿಹೋದದ್ದು ಅವನ ಮುಖದಲ್ಲಿ ಕಂಡಿತು. ಹಗುರವಾಗುತ್ತಾನೆ ಅಂದುಕೊಂಡಿದ್ದೆ. ಅವನು ನನ್ನನ್ನು ಪರಿಚಯವಿಲ್ಲದವಳಂತೆ ನೋಡಿದ.

"ನಾನು ಕೇಳಿದ್ನಲ್ಲ ಅಕ್ಕ."

"ಹೂಂ, ನೀನು ಕೇಳಿದ್ದೆ," ಅಂದೆ. "ಗೊತ್ತಿದ್ದೇ ಸುಳ್ಳು ಹೇಳಿದೆ. ನಿನ್ನ ಲೆಕ್ಕ ಮೊದಲಿಂದಲೂ ಸರಿಯಾಗೇ ಇತ್ತು. ಇಷ್ಟು ದಿನ ಎಲ್ಲರ ಮುಂದೆ ನಿನ್ನನ್ನ ತಲೆ ತಗ್ಗಿಸಿ ನಿಲ್ಲಿಸಿದೆ. ತಪ್ಪಾಯ್ತು ಕಣೋ. ನನ್ನನ್ನ ಕ್ಷಮಿಸು."