ಹದಿನಾಲ್ಕಕ್ಕೆ ನಿಂತ ಲಿಲಾವು

ಬೈತಖೋಲ ಬಂದರದಲ್ಲಿ ಮೀನಿನ ಲಿಲಾವು, ಅಂದರೆ ಹರಾಜು, ಕೂಗುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ಬಾಯಿ ತೆರೆದರೆ ಸತ್ತ ಬಂಗಡೆಯೂ ಒಮ್ಮೆ ಬಾಲ ಅಲ್ಲಾಡಿಸುತ್ತದೆ. ಅಂಥ ನಾನು ಈ ಮಳೆಗಾಲದಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ರಾಶಿ ಮೀನು ಕಂಡರೂ ಕೂಗಬೇಕು ಅನ್ನಿಸದು. ಹೆಂಡತಿ ಅಂಕೋಲೆಯ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು.

“ಎರಡು ವಾರದಲ್ಲಿ ಎಷ್ಟು ದಿನ ಯಾವುದೂ ಬೇಡ ಅನ್ನಿಸಿದೆ?” ಡಾಕ್ಟರು ಕೇಳಿದರು.

“ಎರಡು,” ಅಂದೆ.

“ಐದು,” ಅಂದಳು ಹೆಂಡತಿ.

“ಮೂರು ಅಂತ ಬರ್ಕೊಳ್ಳಿ.”

“ಸುಳ್ಳು ಹೇಳೂದು ಸಾಕ್ರಿ! ಹದಿನಾಲ್ಕೂ ದಿನ, ಡಾಕ್ಟ್ರೇ.”

ಇಷ್ಟು ಬೇಗ ಏರಿದ ಸವಾಲನ್ನು ನಾನು ಬಂದರದಲ್ಲೂ ಕಂಡಿಲ್ಲ.

ಮರುವಾರ ಬಂದ ರಕ್ತದ ವರದಿಯಲ್ಲಿ ಉರಿಯೂತ ಹೆಚ್ಚಿತ್ತು.

“ಹಾಗಾದ್ರೆ ತೊಂದರೆ ರಕ್ತದ್ದು, ಮನಸ್ಸಿನದಲ್ಲ!” ಗೆದ್ದವನಂತೆ ಕೂಗಿದೆ.

“ಕೆಲವರಲ್ಲಿ ಉರಿಯೂತ, ಖಿನ್ನತೆ ಎರಡೂ ಕೂಡಿಯೇ ಇರ್ತವೆ. ನಿಮ್ಮ ಅಪ್ಪ ಹೇಗಿದ್ರು?”

“ಮೂರು ವರ್ಷ ಮಾತೇ ಆಡದೆ ಸಮುದ್ರ ನೋಡ್ತಾ ಕೂತಿದ್ರು. ಧ್ಯಾನ!”

ಯಾರೂ ನಗಲಿಲ್ಲ. ನನ್ನ ಮೊಣಕಾಲು ಮಾತ್ರ ಕುಣಿಯುತ್ತಲೇ ಇತ್ತು.

“ಮಗಳು ಬಸುರಿ. ಅವಳಿಗೂ ಬರ್ತದ್ಯಾ?”

“ಬರಲೇಬೇಕು ಅಂತಿಲ್ಲ. ವಂಶದ ಜೀನ್ ಬದಲಾಗೂದಿಲ್ಲ. ಬದುಕಿನ ಕಷ್ಟ ಅದರ ಸ್ವಿಚ್ ಒತ್ತಬಹುದು, ಆರೈಕೆಯಿಂದ ಅದು ಆರಲೂಬಹುದು. ಮಾತ್ರೆ ತಗೊಳ್ಳಿ. ಅವಳಿಂದ ಮುಚ್ಚಿಡಬೇಡಿ.”

ಬಸ್ ಸ್ಟ್ಯಾಂಡಿನಲ್ಲಿ ಹತ್ತು ಸುತ್ತು ತಿರುಗಿ, ಅಮದಳ್ಳಿಯಲ್ಲಿರುವ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ.

“ಗೊತ್ತಪ್ಪ. ನೀ ನಗಿಸೂಕೆ ಶುರು ಮಾಡಿದ್ರೆ ನಾವೆಲ್ಲ ಹೆದರ್ತೇವೆ,” ಅಂದಳು.

ಇಡೀ ತಾಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಗುಟ್ಟು ಕಾದವರಿಲ್ಲ, ನೋಡಿ. ಆ ಗುಟ್ಟು ಗೊತ್ತಿಲ್ಲದೆ ಉಳಿದಿದ್ದವ ನಾನೊಬ್ಬನೇ.