ಹಾಡಿನ ಹಿಂದಿನ ಮಗ್ಗುಲು

ಇಳಕಲ್ಲಿನ ನಮ್ಮ ಮನೆಯಲ್ಲಿ ಸೀರೆಯನ್ನು ಯಾರೂ ಮುಂದಿನಿಂದ ನೋಡುವುದಿಲ್ಲ. ಯಾರಾದರೂ ಮಡಿಕೆ ಬಿಚ್ಚಿ ಸೆರಗು ಹರಡಿದರೆ ಸಾಕು, ನನ್ನ ದೊಡ್ಡವ್ವ ಅದನ್ನು ಬೋರಲು ಹಾಕಿ, ಸೆರಗು ಒಡಲಿಗೆ ಕೂಡುವ ಜಾಗದಲ್ಲಿ ಹೆಬ್ಬೆರಳು ಆಡಿಸುತ್ತಾಳೆ. ಅಲ್ಲಿ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ನೇಕಾರ ಅವಸರ ಮಾಡಿದ್ದರೆ ಸಿಕ್ಕಿಬೀಳುವುದು ಅಲ್ಲೇ. "ಮುಂದಿನ ಮಗ್ಗಲ ಎಲ್ಲಾರೂ ಚಂದ ಮಾಡ್ತಾರ, ಹಿಂದಿಂದು ನೋಡು" ಎನ್ನುವುದು ಅವಳ ಮಾತು. ಸೀರೆಗೂ ಅದೇ, ಬದನೆಕಾಯಿಗೂ ಅದೇ, ಬೀಗರಿಗೂ ಅದೇ.

ಹಾಗಾಗಿ ನನ್ನ ತಂಗಿಯ ಮಗ ಹಾಡಿದ ಹಾಡನ್ನು ಯಾರೋ ಕೊನೆಯಿಂದ ಮೊದಲಿಗೆ ತಿರುವಿ ಮೊಬೈಲಿನಲ್ಲಿ ಹರಿಬಿಟ್ಟಾಗ, ಅದನ್ನು ಎಲ್ಲರಿಗಿಂತ ಮೊದಲು ನಂಬಿದವಳು ದೊಡ್ಡವ್ವನೇ.

ಹುಡುಗನದು ಹುನಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಬಿಡುವಿನಲ್ಲಿ ಜಾನಪದ ಧಾಟಿಯ ಹಾಡು ಕಟ್ಟಿ ತಾನೇ ಹಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಇಳಕಲ್ ಸೀರೆ ಉಟ್ಟ ಹುಡುಗಿಯ ಮೇಲಿನ ಹಾಡೊಂದು ಮೊದಮೊದಲು ಯಾರಿಗೂ ಬೇಕಾಗಿರಲಿಲ್ಲ. ಆಮೇಲೆ ಒಮ್ಮೆಲೇ ಟ್ರ್ಯಾಕ್ಟರು, ಬಸ್ಸು, ಮದುವೆ ಮೆರವಣಿಗೆ ಎಲ್ಲ ಕಡೆ ಅದೇ. ಕಾರಣ ಆ ತಿರುವಿದ ತುಣುಕು. ಅದರಲ್ಲಿ ದನಿ ಹಿಂದಕ್ಕೆ ಓಡುತ್ತದೆ, ಕೆಳಗೆ ಕೆಂಪು ಅಕ್ಷರ ಮೂಡುತ್ತವೆ: "ಸೀರಿ ಸುಡು, ಸೀರಿ ಸುಡು". ಓದಿದ ಮೇಲೆ ಕಿವಿಗೂ ಅದೇ ಕೇಳುತ್ತದೆ.

ನೇಯ್ದು ಉಣ್ಣುವವರ ನಡುವೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಹಾಡು ಜನರನ್ನು ಹಿಡಿಯಲೆಂದು ಅವನು ಬೇಕಂತಲೇ ಮಾಟದ ಮಾತು ಒಳಗಿಟ್ಟಿದ್ದಾನೆ ಎಂದರು ಕೆಲವರು. ಕೈಮಗ್ಗದವರು ಇದು ಪವರ್‌ಲೂಮಿನವರ ಕಿತಾಪತಿ ಎಂದರು. ನಾನು ಅವನನ್ನೇ ಕೇಳಿದೆ. ಅವನು ನಕ್ಕ.

"ಜನ ಏನರ ಅನ್ಕೊಳ್ಳಿ ಬಿಡು ಮಾಮಾ. ಕೇಳಾಕತ್ತಾರಲ್ಲ."

ಇಟ್ಟಿದ್ದೇನೆ ಎನ್ನಲಿಲ್ಲ, ಇಟ್ಟಿಲ್ಲ ಎನ್ನಲೂ ಇಲ್ಲ. ತಪ್ಪು ಮಾಡದವನಿಗೆ ಮೊದಲು ಸಿಟ್ಟು ಬರಬೇಕು, ಇವನಿಗೆ ನಗೆ ಬಂತು. ನನ್ನ ಅನುಮಾನ ಹುಟ್ಟಿದ್ದು ಹಾಡಿನಿಂದಲ್ಲ, ಆ ನಗೆಯಿಂದ.

ಅಷ್ಟರಲ್ಲಿ ಅಮೀನಗಡದ ಒಂದು ಮನೆಯಲ್ಲಿ ಅವನಿಗೆ ಹೆಣ್ಣು ಗೊತ್ತಾಯಿತು. ಮೂಲದಲ್ಲಿ ಅವರೂ ನೇಕಾರರೇ, ಈಗ ಕರದಂಟಿನ ಅಂಗಡಿ. ನಾವು ಸೀರೆ ಒಯ್ದು, ಸಕ್ಕರೆ ತಿಂದು ಮಾತು ಗಟ್ಟಿ ಮಾಡಿ ಬರಬೇಕಿತ್ತು. ಆ ವಾರವೇ ತುಣುಕು ಹೆಣ್ಣಿನ ತಾಯಿಯ ಮೊಬೈಲಿಗೂ ತಲುಪಿತು. ಬರ್ರಿ, ಆದರೆ ಸೀರೆ ತರಬೇಡಿರಿ, ಮೊದಲು ಕೂತು ಮಾತಾಡೋಣ ಎಂದು ಫೋನ್ ಬಂತು. ಸೀರೆ ಬೇಡವೆಂದರೆ ಸಂಬಂಧ ಬೇಡವೆಂದು ಅರ್ಧ ಹೇಳಿದಂತೆ. ಆದರೂ ದೊಡ್ಡವ್ವ ಸೀರೆಯನ್ನು ಚೀಲದ ತಳಕ್ಕಿಟ್ಟಳು.

ದೊಡ್ಡವ್ವನೂ ನಾನೂ ಇಳಕಲ್ಲಿನಿಂದ ಬಂದ ಬಸ್ಸನ್ನು ಹುಡುಗ ಹುನಗುಂದದಲ್ಲಿ ಹತ್ತಿದ. ಡ್ರೈವರ್ ಹಾಕಿದ್ದು ಅವನದೇ ಹಾಡು. ದೊಡ್ಡವ್ವ ಕಣ್ಣುಮುಚ್ಚಿ, ಕಿವಿಯೊಡ್ಡಿ ಕೇಳಿಸಿಕೊಂಡಳು. ಮಾತು ಕೇಳುತ್ತಿದ್ದಾಳೋ ಮಾತಿನ ಬೆನ್ನು ಹುಡುಕುತ್ತಿದ್ದಾಳೋ ತಿಳಿಯಲಿಲ್ಲ. ಹುಡುಗ ಮಾತ್ರ ದಾರಿಯುದ್ದಕ್ಕೂ ಮೊಬೈಲನ್ನು ಜೇಬಿನಿಂದ ತೆಗೆಯಲಿಲ್ಲ. ಅದೂ ನನಗೆ ಸರಿ ಕಾಣಲಿಲ್ಲ.

ಅಂಗಡಿಯ ಹಿಂದೆಯೇ ಅವರ ಮನೆ. ಬೆಲ್ಲದ ಪಾಕದ ವಾಸನೆ ಪಡಸಾಲೆಯವರೆಗೂ ತುಂಬಿತ್ತು. ತಾಯಿ ನೀರು ಕೊಟ್ಟು, ಮೊಬೈಲನ್ನು ಚಾಪೆಯ ನಡುವೆ ಇಟ್ಟು ಆ ತುಣುಕು ಹಾಕಿದಳು. ಅದು ಮುಗಿದದ್ದೇ ದೊಡ್ಡವ್ವ ಶುರುಮಾಡಿದಳು.

"ಬೀಗತಿ, ಬರೂವಾಗ ದಾರಿ ತುಂಬ ಕೇಳಿಕೋತ ಬಂದೇನಿ. ಎರಡೂ ಮಗ್ಗಲ ಬ್ಯಾರೆ ಬ್ಯಾರೆ ಚಿತ್ತಾರ ಬರೂವಂಗ ಒಂದ ಸಲಕ್ಕ ನೇಯೂ ಕೈ ನಮ್ಮೂರಾಗೂ ಯಾರಿಗಿಲ್ಲ. ಇಂವಗ ಒಂದ ಮಗ್ಗಲನ ನೆಟ್ಟಗ ಹಾಡಾಕ ಬರಂಗಿಲ್ಲ. ಹಿಂದ ಮತ್ತೊಂದ ಎಲ್ಲಿಂದ ಇಟ್ಟಾನು?"

ತಾಯಿಗೆ ನಗು ತಡೆಯಲಾಗಲಿಲ್ಲ. ಹುಡುಗನ ಕಿವಿ ಕೆಂಪಗಾದವು. ಊರೂರು ಮೆಚ್ಚಿದ ಗಾಯಕ, ಆದರೆ ಬಾಯಿ ಬಿಡುವಂತಿರಲಿಲ್ಲ. ಹಾಡಲು ಬರದವನೆಂದು ಒಪ್ಪಿಕೊಂಡರಷ್ಟೇ ಉಳಿಗಾಲವಿತ್ತು.

ನಗದಿದ್ದವಳು ಹೆಣ್ಣು ಮಾತ್ರ. ಒಲೆಯ ಮುಂದೆ ಪಾಕ ತಿರುವುತ್ತಿದ್ದ ಅಂಗಡಿಯ ಆಳು ಮುದುಕನನ್ನು ಒಳಗೆ ಕರೆದು, ಮೊಬೈಲಿನ ಅಕ್ಷರಗಳ ಮೇಲೆ ಅಂಗೈ ಇಟ್ಟು ತುಣುಕನ್ನು ಮತ್ತೆ ಹಾಕಿ, ಏನು ಕೇಳಿಸುತ್ತದೆ ಎಂದು ಕೇಳಿದಳು. ಅವನು ಆ ತುಣುಕನ್ನು ಎಂದೂ ನೋಡಿರಲಿಲ್ಲ.

"ಟೇಪ ಸಿಕ್ಕಾಗೇತಿ ಅನಸ್ತೈತ್ರಿ ಅಕ್ಕಾರ" ಎಂದು ಹೇಳಿ ಮತ್ತೆ ಒಲೆಯ ಕಡೆ ಹೋದ.

"ಹಾಡಿನ್ಯಾಗ ಏನೂ ಇಲ್ಲ" ಎಂದಳು ಹೆಣ್ಣು. "ಅಕ್ಷರದಾಗ ಐತಿ. ಏನೂ ಇಲ್ಲದ ಹಾಡನ್ನ ತಿರುವಿ, ಅದರ ಕೆಳಗ ಇದನ್ನ ಬರದವರು ಯಾರ್ರಿ?"

ಅವಳು ಕೇಳಿದ್ದು ಚಾಪೆಯನ್ನು ನೋಡುತ್ತ. ನಾನು ನೋಡಿದ್ದು ಹುಡುಗನನ್ನು.

"ನಾನ" ಎಂದ ಅವನು. ಹಾಡು ಯಾರೂ ಕೇಳುತ್ತಿರಲಿಲ್ಲ, ಸಂಬಂಧ ಗೊತ್ತಾಗುವುದಕ್ಕಿಂತ ಮೊದಲಿನ ಮಾತು, ಬೇರೆ ಹೆಸರಿನಲ್ಲಿ ಹಾಕಿದ್ದೆ ಎಂದೆಲ್ಲ ತಡವರಿಸಿದ. ಕೊನೆಗೆ, "ನೀವ ನೋಡ್ತೀರಂತ ಗೊತ್ತಿರಲಿಲ್ರಿ" ಎಂದ.

"ನಾ ನೋಡದಿದ್ರ ಸುಡಬಹುದಾಗಿತ್ತೇನು?"

ಇಲ್ಲೇ, ಈಗಲೇ ಅದನ್ನು ತೆಗೆಯಬೇಕು ಎಂದಳು ಹೆಣ್ಣು. ಅವನು ಮೊಬೈಲು ಹೊರತೆಗೆದ. ಬೆರಳು ಗಾಜಿನ ಮೇಲೆ ಬಂದು ನಿಂತಿತು. ಆ ತುಣುಕು ಹೋದರೆ ಹಾಡೂ ಮಂಕಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವನ ಬೆರಳು ನಿಂತದ್ದನ್ನು ಎಲ್ಲರೂ ಕಂಡೆವು, ಅವಳೂ ಕಂಡಳು. ಆಮೇಲೆ ಒತ್ತಿದ.

ತಾಯಿ ಮಗಳ ಮುಖ ನೋಡಿದಳು. ಮಗಳು, ಸೀರೆ ತಂದಿದ್ದೀರೇನು ಎಂದು ದೊಡ್ಡವ್ವನನ್ನು ಕೇಳಿದಳು. ದೊಡ್ಡವ್ವ ಚೀಲದ ತಳದಿಂದ ತೆಗೆದುಕೊಟ್ಟಳು. ಹುಡುಗಿ ಅದನ್ನು ಬೋರಲು ಹಾಕಿ, ಸೆರಗು ಕೂಡುವ ಜಾಗದಲ್ಲಿ ಹೆಬ್ಬೆರಳು ಆಡಿಸಿದಳು.

"ಕೊಂಡಿ ಗಟ್ಟಿ ಅದಾವ. ಸೀರಿ ಇಟ್ಕೋತೇನಿ" ಎಂದಳು. ಆಮೇಲೆ ಅವನ ಕಡೆ ತಿರುಗಿ, "ಇನ್ನ ಮ್ಯಾಲ ಹಾಡು ನನಗ ಮೊದಲ ಕೇಳಿಸಬೇಕು" ಎಂದಳು.

ಸಕ್ಕರೆ ಬಂತು.

ತಿರುಗಿ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಅದೇ ತುಣುಕನ್ನು ಹಾಕಿಕೊಂಡು ಕೇಳುತ್ತಿದ್ದರು. ಊರ ತುಂಬ ಹರಡಿದ್ದನ್ನು ಒಂದು ಬೆರಳಿನಿಂದ ಅಳಿಸಲಾಗುವುದಿಲ್ಲವಲ್ಲ. ಹುಡುಗ ಕಿಟಕಿಯ ಕಡೆ ಮುಖ ಮಾಡಿದ. ನನ್ನ ಕಣ್ಣೆದುರು ಅಕ್ಷರವಿರಲಿಲ್ಲ, ಹಾಡಿನಲ್ಲಿ ಏನೂ ಇಲ್ಲವೆಂದೂ ಗೊತ್ತಿತ್ತು. ಆದರೂ ನನಗೆ ಸ್ಪಷ್ಟವಾಗಿ ಕೇಳಿಸಿತು: ಸೀರಿ ಸುಡು, ಸೀರಿ ಸುಡು.