ಅಮ್ಮ ಸರ್ಕಾರದ ಮೇಲೆ ದಾವೆ ಹಾಕಿದ್ದು

ಪೀಣ್ಯದಲ್ಲಿ ಅಮ್ಮನಿಗೊಂದು ಶೆಡ್ಡಿತ್ತು. ಎರಕದ ಕಾರ್ಖಾನೆಗಳಿಗೆ ಮರದ ಪ್ಯಾಟರ್ನ್ ಮಾಡಿಕೊಡುವುದು ಅವಳ ಕಸುಬು. ಪಂಪಿನ ಭಾಗವೊಂದನ್ನು ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರ ಮರದಲ್ಲಿ ಬೇಕು. ಅದನ್ನು ಮರಳಿಗೊತ್ತಿ ಅಚ್ಚು ತೆಗೆಯುತ್ತಾರೆ. ಅಪ್ಪ ತೀರಿಕೊಂಡಾಗ ಶೆಡ್ಡು ಬಾಡಿಗೆಗೆ ಕೊಟ್ಟುಬಿಡು ಅಂದವರೇ ಎಲ್ಲ. ಅಮ್ಮ ಉಳಿ ಕೈಗೆತ್ತಿಕೊಂಡಳು. ಮಾಕಳಿಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ನಾನು ಅದನ್ನು ಬಡಗಿ ಕೆಲಸ ಎಂದಷ್ಟೇ ತಿಳಿದಿದ್ದೆ.

ಒಂದು ಬೆಳಿಗ್ಗೆ ಪರಿಸರ ಇಲಾಖೆಯವರು ಬಂದು ಶೆಡ್ಡಿಗೆ ಬೀಗ ಜಡಿದು ಸೀಲ್ ಹಾಕಿದರು. ಚರಂಡಿಗೆ ಆಸಿಡ್ ನೀರು ಬಿಡುತ್ತಿದ್ದೀರಿ ಎಂದು ನೋಟಿಸಿನಲ್ಲಿತ್ತು. ಬಿಡುತ್ತಿದ್ದುದು ಹಿಂದಿನ ರಸ್ತೆಯ, ಅದೇ ನಂಬರಿನ ಇನ್ನೊಂದು ಘಟಕ. ಅಮ್ಮ ಅರ್ಜಿಯ ಮೇಲೆ ಅರ್ಜಿ ಕೊಟ್ಟಳು. ಮಳೆಗಾಲ ಪೂರ್ತಿ ಕಳೆದ ಮೇಲೆ ಅವರೇ ಬಂದು ಬೀಗ ತೆಗೆದು ಹೋದರು. ಒಳಗೆ ಚಾವಣಿಯ ಶೀಟು ಒಡೆದು ನೀರು ಸುರಿದಿತ್ತು. ಇಪ್ಪತ್ತು ವರ್ಷದ ಪ್ಯಾಟರ್ನ್‌ಗಳು ಉಬ್ಬಿ, ಸೊಟ್ಟಗಾಗಿ ಬಿದ್ದಿದ್ದವು.

ವಕೀಲರು ಹೈಕೋರ್ಟಿನಲ್ಲಿ ರಿಟ್ ಹಾಕೋಣ ಅಂದರು. "ಬೇಗ ಮುಗಿಯುತ್ತೆ. ಸೀಲ್ ಹಾಕಿದ ಆದೇಶಾನೇ ರದ್ದು ಮಾಡಿಸ್ತೀನಿ."

"ಬೀಗ ಅವರೇ ತೆಗೆದ್ರಲ್ಲ ಸಾರ್. ರದ್ದಾದ್ರೆ ಮರ ನೆಟ್ಟಗಾಗುತ್ತಾ?"

"ನಷ್ಟ ಬೇಕಂದ್ರೆ ಸಿವಿಲ್ ಕೋರ್ಟಲ್ಲಿ ದಾವೆ ಹಾಕ್ಬೇಕಮ್ಮ. ವರ್ಷಗಟ್ಲೆ ಆಗುತ್ತೆ. ರಿಟ್ಟಲ್ಲಾದ್ರೆ ಕಾಗದ ನೋಡಿ ತೀರ್ಮಾನ ಮಾಡ್ತಾರೆ. ಇಲ್ಲಿ ನೀವೇ ಕಟಕಟೆ ಹತ್ಬೇಕು, ಸರ್ಕಾರದ ವಕೀಲ್ರು ಕೆದಕಿ ಕೆದಕಿ ಕೇಳ್ತಾರೆ."

"ನನ್ನನ್ನೇ ಕೇಳ್ತಾರಾ?"

"ಹೌದು."

"ಹಂಗಾದ್ರೆ ಅದನ್ನೇ ಹಾಕಿ."

ಸರ್ಕಾರಕ್ಕೆ ಮೊದಲು ನೋಟಿಸು ಕೊಟ್ಟು ಎರಡು ತಿಂಗಳು ಕಾದೆವು. ಉತ್ತರ ಬರಲಿಲ್ಲ. ದಾವೆ ಹೂಡಿ ಮೂರು ವರ್ಷವಾದ ಮೇಲೆ ಅಮ್ಮನ ಸರದಿ ಬಂತು. ಹಾಳಾಗದೆ ಉಳಿದಿದ್ದ ಒಂದು ಪ್ಯಾಟರ್ನನ್ನೂ ಹಾಳಾದ ಒಂದನ್ನೂ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆವು.

ಸರ್ಕಾರದ ವಕೀಲರು ಚೆನ್ನಾಗಿದ್ದ ಪ್ಯಾಟರ್ನಿನ ಮೇಲೆ ಸ್ಕೇಲಿಟ್ಟರು. "ಗಿರಾಕಿ ಕೊಟ್ಟ ಡ್ರಾಯಿಂಗಲ್ಲಿ ಮುನ್ನೂರು ಮಿಲಿಮೀಟರ್ ಇದೆ. ಇದು ಮುನ್ನೂರ ಮೂರು. ಅಂದ್ರೆ ನಿಮ್ಮ ಕೆಲಸ ಮೊದಲಿಂದ್ಲೂ ತಪ್ಪೇ, ಅಲ್ವಾ?"

ಅಮ್ಮ ಮೆಲ್ಲಗೆ ಹೇಳಿದಳು: "ಕಾದ ಕಬ್ಬಿಣ ಆರುವಾಗ ಕುಗ್ಗುತ್ತೆ ಸಾರ್. ನೂರಕ್ಕೆ ಒಂದು. ಆ ಮೂರು ಮಿಲಿಮೀಟರ್ ಕುಗ್ಗೋದಕ್ಕೆ ಅಂತ ಬಿಟ್ಟಿರೋದು." ಚೀಲದಿಂದ ತನ್ನ ಸ್ಕೇಲನ್ನು ತೆಗೆದಳು. ಕುಗ್ಗುವಷ್ಟನ್ನು ಮೊದಲೇ ಸೇರಿಸಿ ಗುರುತು ಹಾಕಿದ್ದರಿಂದ ಅದರ ಪ್ರತಿ ಗೆರೆಯೂ ಕೂದಲೆಳೆಯಷ್ಟು ದೂರ ಸರಿದಿತ್ತು. ನ್ಯಾಯಾಧೀಶರು ಎರಡೂ ಸ್ಕೇಲುಗಳನ್ನು ಜೋಡಿಸಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹಾಳಾದ ಪ್ಯಾಟರ್ನನ್ನು ಮೇಜಿನ ಮೇಲಿಡಿಸಿದರು. ಅದು ಒಂದು ಮೂಲೆಯಲ್ಲಿ ಎದ್ದು ನಿಂತಿತು. ಅಡಿಯಲ್ಲಿ ಅವರ ಪೆನ್ನೇ ತೂರಿತು.

"ಕಬ್ಬಿಣ ಎಷ್ಟು, ಉಕ್ಕು ಎಷ್ಟು ಕುಗ್ಗುತ್ತೆ?" ಎಂದು ಕೇಳಿದರು. ಹಿತ್ತಾಳೆಯನ್ನೂ ಸೇರಿಸಿ ಅಮ್ಮ ಹೇಳುತ್ತಾ ಹೋದಳು, ಗುಮಾಸ್ತರು ಟೈಪು ಮಾಡುತ್ತಾ ಹೋದರು. ತಮ್ಮ ಕೇಸಿಗೆ ಕಾದಿದ್ದವರೂ ಮೊಬೈಲು ಕೆಳಗಿಟ್ಟು ಕೇಳುತ್ತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಹೆಂಗಸು, ಇನ್ನೂ ಹುಟ್ಟದ ಕಬ್ಬಿಣದ ಅಳತೆಯನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದಳು. ದೇವಸ್ಥಾನದಲ್ಲಿ ನಿಂತಾಗಲೂ ನನಗೆ ಅಂಥ ಬೆರಗು ಆಗಿರಲಿಲ್ಲ.

ಹೊರಗೆ ವರಾಂಡದಲ್ಲಿ ಸರ್ಕಾರದ ವಕೀಲರು ಹತ್ತಿರ ಬಂದರು. "ನನಗಿದು ಗೊತ್ತೇ ಇರ್ಲಿಲ್ಲ ಕಣಮ್ಮ," ಅಂದರು.

"ಗೊತ್ತಿಲ್ದೆ ಕೇಳಿದ್ದೇ ಒಳ್ಳೇದಾಯ್ತು ಬಿಡಿ," ಅಂದಳು ಅಮ್ಮ.

ತೀರ್ಪು ಬಂದದ್ದು ಮರುವರ್ಷ. ಸೀಲ್ ಹಾಕಿದ್ದು ಇಲಾಖೆಯ ತಪ್ಪು, ನಷ್ಟ ತುಂಬಿಕೊಡಬೇಕು ಎಂದಿತ್ತು. ನಾವು ಕೇಳಿದ್ದಕ್ಕಿಂತ ಕಡಿಮೆ, ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು. ಇಲಾಖೆ ಮೇಲ್ಮನವಿಗೆ ಹೋಗಲಿಲ್ಲ. ಬೇರೆ ಕಡೆ ಹೋಗಿದ್ದ ಗಿರಾಕಿಗಳಲ್ಲಿ ಇಬ್ಬರಷ್ಟೇ ಮರಳಿ ಬಂದರು. ಅಮ್ಮ ಅವರಿಗಾಗಿ ಹೊಸ ತೇಗ ತರಿಸಿ, ಕೆಲಸಕ್ಕೆ ಕೂತಳು.